ಷರೀಫರ ಪದಕ್ಕೆ ಗಿಟಾರು: ಅಭಿಮಾನಿಗಳಲ್ಲಿ ಮುಗಿಯದ ವಾಗ್ವಾದ

ತಿಪಟೂರು: ಶಿಶುನಾಳ ಷರೀಫರ ತತ್ವಪದಗಳನ್ನು ಗಿಟಾರು, ಡ್ರಮ್ಸ್‌ಗಳೊಡನೆ ರಾಕ್ ಶೈಲಿಯಲ್ಲಿ ಹಾಡುವುದು ಸರಿಯೇ? ಕನ್ನಡದ ಸಂಗೀತಾಭಿಮಾನಿಗಳಲ್ಲಿ ಎರಡು ದಶಕಗಳಿಂದ ನಡೆಯುತ್ತಿರುವ ಈ ವಾಗ್ವಾದ ಬೆಂಗಳೂರಿನ ಸಭಾಂಗಣಗಳಿಗೆ ಮಾತ್ರ ಸೀಮಿತವಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಒಂದೇ ಮನೆಯೊಳಗೆ ಎರಡೂ ಪಕ್ಷದವರು ಸಿಗುತ್ತಾರೆ. ಊರಿನ ದೇವಸ್ಥಾನದಲ್ಲಿ ತಾಳ ಹಿಡಿದು ತತ್ವಪದ ಹಾಡಿದ ಹಿರಿಯರು ಒಂದೆಡೆಯಾದರೆ, ವಾರಕ್ಕೊಮ್ಮೆ ಬೆಂಗಳೂರಿನಿಂದ ರೈಲಿನಲ್ಲಿ ಊರಿಗೆ ಬರುತ್ತಾ ಅದೇ ಪದವನ್ನು ಮೊಬೈಲಿನಲ್ಲಿ ಕೇಳುವ ಮಗನೋ ಮೊಮ್ಮಗಳೋ ಇನ್ನೊಂದೆಡೆ. ಪದ ಒಂದೇ, ಆದರೆ ತಾವು ಕೇಳುತ್ತಿರುವುದು ಒಂದೇ ಹಾಡು ಎಂದು ಇಬ್ಬರೂ ಒಪ್ಪುವುದಿಲ್ಲ.

ಮೂಲ ಧಾಟಿ ಎಂಬುದುಂಟೇ?

ಷರೀಫರು (1819–1889) ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದವರು. ಕಳಸದ ಗೋವಿಂದಭಟ್ಟರ ಶಿಷ್ಯರು. ಅವರ ಪದಗಳು ಬಾಯಿಂದ ಬಾಯಿಗೆ ಹರಡಿ ಉಳಿದವೇ ಹೊರತು ರಾಗ–ತಾಳ ಗೊತ್ತುಪಡಿಸಿದ ಸ್ವರಲಿಪಿಯ ಮೂಲಕ ಅಲ್ಲ. ಏಕತಾರಿ, ದಮ್ಮಡಿ, ತಾಳ ಇಷ್ಟಿದ್ದರೆ ತತ್ವಪದದ ಮೇಳ ಸಿದ್ಧ. ಒಬ್ಬರು ಹೇಳಿಕೊಟ್ಟಂತೆ ಉಳಿದವರು ಹಿಂಬಾಲಿಸುತ್ತಾರೆ. ಧಾಟಿಯು ಊರಿಂದ ಊರಿಗೆ ಬದಲಾಗುತ್ತದೆ. ಭಾಷೆಯೂ ಹಾಗೆಯೇ: ಧಾರವಾಡ ಸೀಮೆಯ ‘ಮಾಳಿಗಿ’ ತುಮಕೂರು ಸೀಮೆಯವರ ಬಾಯಲ್ಲಿ ‘ಮಾಳಿಗೆ’ಯಾಗುತ್ತದೆ.

ಹೀಗಿರುವಾಗ ರಾಕ್ ತಂಡಗಳು ‘ಮೂಲ ಧಾಟಿಯನ್ನು ಕೆಡಿಸಿದವು’ ಎಂಬ ಆಕ್ಷೇಪ ತಾಂತ್ರಿಕವಾಗಿ ನಿಲ್ಲುವುದು ಕಷ್ಟ. ನಗರದ ಬಹುಪಾಲು ಕೇಳುಗರು ‘ಮೂಲ’ವೆಂದು ಭಾವಿಸಿರುವುದು ವಾಸ್ತವದಲ್ಲಿ ಸಿ. ಅಶ್ವಥ್ ಅವರು ಸಂಯೋಜಿಸಿದ ಧಾಟಿಯನ್ನು. ಟಿ.ಎಸ್. ನಾಗಾಭರಣ ನಿರ್ದೇಶಿಸಿ, ಶ್ರೀಧರ್ ಮುಖ್ಯಪಾತ್ರ ವಹಿಸಿದ್ದ ‘ಸಂತ ಶಿಶುನಾಳ ಷರೀಫ’ ಚಿತ್ರ 1990ರಲ್ಲಿ ತೆರೆಕಂಡಿತು. ರಾಷ್ಟ್ರೀಯ ಭಾವೈಕ್ಯವನ್ನು ಸಾರುವ ಅತ್ಯುತ್ತಮ ಚಿತ್ರಕ್ಕಾಗಿ ನೀಡಲಾಗುತ್ತಿದ್ದ ನರ್ಗಿಸ್ ದತ್ ಪ್ರಶಸ್ತಿಯೂ ಅದಕ್ಕೆ ಸಂದಿತು. ಅದರ ಧ್ವನಿಸುರುಳಿಗಳು ಮನೆಮನೆಯ ಟೇಪ್‌ರೆಕಾರ್ಡರ್‌ ತಲುಪಿದ ಮೇಲೆ ಷರೀಫರ ಧ್ವನಿ ಎಂದರೆ ಅಶ್ವಥ್ ಅವರ ಧ್ವನಿ ಎಂಬಂತಾಯಿತು.

ಅಶ್ವಥ್ (1939–2009) ನೆರೆಯ ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಜನಿಸಿದವರು. ಪಿ. ಕಾಳಿಂಗರಾವ್, ಮೈಸೂರು ಅನಂತಸ್ವಾಮಿ ಅವರು ಹಾಕಿದ ಸುಗಮ ಸಂಗೀತದ ದಾರಿಯಲ್ಲಿ ನಡೆದು, ಅದನ್ನು ಸಣ್ಣ ಸಭೆಯಿಂದ ಮೈದಾನಕ್ಕೆ ಕೊಂಡೊಯ್ದವರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನಡೆಸಿಕೊಟ್ಟ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಲಕ್ಷದಷ್ಟು ಜನ ಸೇರಿದ್ದರೆಂದು ಅಂದಿನ ವರದಿಗಳು ಹೇಳಿದವು. ಕನ್ನಡ ಕವಿತೆಯನ್ನು ಕೇಳಲು ಅಷ್ಟು ಜನ ಬರುತ್ತಾರೆ ಎಂಬುದೇ ಆಗ ಸುದ್ದಿಯಾಗಿತ್ತು.

ಇಂದು ಅಶ್ವಥ್ ಅವರನ್ನು ಪರಂಪರೆಯ ಅಳತೆಗೋಲಾಗಿ ಹಿಡಿದು ರಾಕ್ ತಂಡಗಳನ್ನು ದೂರುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ವಾದ್ಯಗಳ ಅಬ್ಬರದಲ್ಲಿ ಕವಿತೆ ಮುಳುಗುತ್ತದೆ ಎಂಬ ದೂರು ಸುಗಮ ಸಂಗೀತದ ಮೇಲೂ ಇತ್ತು. ತತ್ವಪದಕ್ಕೆ ಕೀಬೋರ್ಡು, ಪಿಟೀಲುಗಳ ಗುಂಪು, ತಬಲಾ ಏಕೆ ಎಂದು ಕೇಳಿದವರೂ ಇದ್ದರು. ಆ ದೂರನ್ನು ಕಾಲವೇ ಅಳಿಸಿತು.

ಲುಂಗಿ, ಗೆಜ್ಜೆ ಮತ್ತು ಗಿಟಾರು

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಸೂಕ್ಷ್ಮಜೀವಿಶಾಸ್ತ್ರದ ಸ್ನಾತಕೋತ್ತರ ಪದವೀಧರರು, ಭರತನಾಟ್ಯ ಕಲಿತವರು. ಅವರ ‘ಅಂತರಾಗ್ನಿ’ ತಂಡ 1990ರ ದಶಕದ ಕೊನೆಯಲ್ಲಿ ಆರಂಭವಾಯಿತು. ಮೊದಲ ಆಲ್ಬಂ 2008ರಲ್ಲಿ ಬಂದಿತು. ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆಗೆ ಷರೀಫರ ಎರಡು ಪದಗಳು ಅದರಲ್ಲಿದ್ದವು: ಒಂದು ಗುಡುಗುಡಿಯ ಪದ, ಇನ್ನೊಂದು ಸೋರುವ ಮಾಳಿಗೆಯ ಪದ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಈ ತಂಡ ಕಾಣಿಸಿಕೊಂಡಿತು. 2011ರಲ್ಲಿ ಇಂಗ್ಲೆಂಡಿನ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿ ಪಡೆಯಿತು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಕೈಯಲ್ಲಿ ಗಿಟಾರು. ಈ ವೇಷವೂ ಹಾಡಿನಷ್ಟೇ ಚರ್ಚೆಗೆ ಒಳಗಾಯಿತು. ಇದೇ ಕಾಲದಲ್ಲಿ ವಾಸು ದೀಕ್ಷಿತ್ ಅವರ ‘ಸ್ವರಾತ್ಮ’ ತಂಡವೂ ಕನ್ನಡ–ಹಿಂದಿಗಳೆರಡರಲ್ಲಿ ಜಾನಪದ ರಾಕ್ ಹಾಡಿ ಹೆಸರು ಮಾಡಿತು.

ವಿರೋಧಿಸುವವರ ಮುಖ್ಯ ವಾದ ವಾದ್ಯದ ಬಗ್ಗೆ ಅಲ್ಲ, ವೇಗದ ಬಗ್ಗೆ. ತತ್ವಪದಕ್ಕೆ ಎರಡು ಅರ್ಥಗಳಿರುತ್ತವೆ. ಹೊರಗಿನದು ಮನೆ, ಮಾಳಿಗೆ, ಹುಕ್ಕಾ. ಒಳಗಿನದು ದೇಹ, ಮನಸ್ಸು, ಗುರು. ಹಾಡುವವರು ಒಂದು ಸೊಲ್ಲನ್ನು ನಾಲ್ಕಾರು ಬಾರಿ ತಿರುಗಿಸಿ ತಿರುಗಿಸಿ ಹೇಳುವುದು, ಒಳಗಿನ ಅರ್ಥ ಕೇಳುಗನಿಗೆ ಹೊಳೆಯಲು ಬಿಡುವು ಕೊಡುವುದಕ್ಕಾಗಿ. ರಾಕ್ ತಂಡವೂ ಸೊಲ್ಲನ್ನು ತಿರುಗಿಸುತ್ತದೆ, ಆದರೆ ಸಭಿಕರನ್ನು ಕುಣಿಸಲು. ಗುಡುಗುಡಿಯ ಪದಕ್ಕೆ ಕುಣಿಯುತ್ತಿರುವ ಯುವಕ ಅದನ್ನು ಹೊಗೆಸೊಪ್ಪಿನ ಹಾಡೆಂದೇ ತಿಳಿದು ಮನೆಗೆ ಹೋದರೆ ಷರೀಫರು ಉಳಿದದ್ದೆಲ್ಲಿ ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಗೆ ತೂಕವಿದೆ.

ಬೆಂಬಲಿಸುವವರ ಉತ್ತರವೂ ಸರಳವಾದುದಲ್ಲ. ಷರೀಫರು ತಮ್ಮ ಕಾಲದ ಹೊಸ ವಸ್ತುಗಳನ್ನು ದೂರವಿಟ್ಟವರಲ್ಲ. ಹತ್ತಿಯ ಗಿರಣಿಯ ಮೇಲೂ ಪದ ಕಟ್ಟಿದವರು. ಯಂತ್ರವನ್ನೇ ತತ್ವಕ್ಕೆ ಒಗ್ಗಿಸಿಕೊಂಡವರ ಪದಕ್ಕೆ ಗಿಟಾರು ಹೊರೆಯಾಗದು ಎಂಬುದು ಅವರ ನಿಲುವು. ಜೊತೆಗೆ, ಈ ಹಾಡುಗಳ ಮೂಲಕವೇ ಷರೀಫರ ಹೆಸರನ್ನು ಮೊದಲ ಬಾರಿ ಕೇಳಿ, ಅನಂತರ ಪುಸ್ತಕ ಹುಡುಕಿದ ನಗರದ ತರುಣರು ಇದ್ದಾರೆ.

ಒಳಾರ್ಥವನ್ನೇ ಹಿಡಿದು ಕೂರುವವರಿಗೆ ಒಂದು ಮಾತು. ತಿಪಟೂರು ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಕೂಡಿಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಮೇಲಿನಿಂದ ನೀರಿಳಿದರೆ ಕಾಯಿ ಕೆಟ್ಟು, ವರ್ಷದ ಆದಾಯ ಹೋಗುತ್ತದೆ. ಸೋರುವ ಮಾಳಿಗೆಯ ಪದ ಈ ಊರಿನವರಿಗೆ ಹೊರಗಿನ ಅರ್ಥದಲ್ಲಿಯೇ ಸಾಕಷ್ಟು ಕಟುವಾಗಿದೆ.

ಟೋಕಿಯೊದಲ್ಲಿಯೂ ಇದೇ ಜಗಳ

ಬೆಂಗಳೂರಿನ ರಾಕ್ ಅಭಿಮಾನಿಗಳ ಮತ್ತೊಂದು ವರ್ಗ ಈ ಚರ್ಚೆಯಿಂದಲೇ ದೂರ ಉಳಿದಿದೆ. ಅವರ ದೃಷ್ಟಿಯಲ್ಲಿ ರಾಕ್ ಎಂದರೆ ಇಂಗ್ಲಿಷ್. 1996ರಲ್ಲಿ ಆರಂಭವಾದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’, ಹೆವಿ ಮೆಟಲ್ ನುಡಿಸುವ ‘ಕ್ರಿಪ್ಟೋಸ್’ ಮೊದಲಾದ ಬೆಂಗಳೂರಿನ ತಂಡಗಳು ಇಂಗ್ಲಿಷಿನಲ್ಲಿಯೇ ಹಾಡಿದವು. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂದಾಗ ಸೇರಿದ ಜನಸ್ತೋಮ ಈ ಅಭಿಮಾನದ ಬಲವನ್ನು ತೋರಿಸಿತು. ಕನ್ನಡದಲ್ಲಿ ರಾಕ್ ಹಾಡಿದರೆ ಅದು ಸಿನಿಮಾ ಹಾಡಿನಂತೆ ಕೇಳುತ್ತದೆ ಎಂಬುದು ಇವರಲ್ಲಿ ಅನೇಕರ ಅನಿಸಿಕೆ.

ಜಪಾನಿನ ರಾಕ್ ಅಭಿಮಾನಿಗಳು ಇದೇ ಮಾತಿಗಾಗಿ 1970–71ರಲ್ಲಿ ಜಗಳವಾಡಿದ್ದರು. ಅಲ್ಲಿನ ಸಂಗೀತದ ಇತಿಹಾಸದಲ್ಲಿ ಅದಕ್ಕೆ ‘ಜಪಾನೀ ಭಾಷೆಯ ರಾಕ್ ವಿವಾದ’ ಎಂಬ ಹೆಸರೇ ಉಂಟು. ಗಾಯಕ ಹಾಗೂ ನಿರ್ಮಾಪಕ ಯೂಯಾ ಉಚಿದಾ ಅವರ ಪಕ್ಷ, ರಾಕ್ ಹೊರದೇಶಗಳಿಗೆ ತಲುಪಬೇಕಾದರೆ ಇಂಗ್ಲಿಷಿನಲ್ಲಿ ಹಾಡಬೇಕು, ಜಪಾನೀ ಭಾಷೆ ರಾಕ್‌ನ ಲಯಕ್ಕೆ ಕೂಡುವುದಿಲ್ಲ ಎಂದಿತು. ‘ಹ್ಯಾಪಿ ಎಂಡ್’ ಎಂಬ ನಾಲ್ವರ ತಂಡ ಜಪಾನೀ ಭಾಷೆಯಲ್ಲಿಯೇ ಹಾಡಿ ಉತ್ತರ ಕೊಟ್ಟಿತು. ಡ್ರಮ್ಸ್ ನುಡಿಸುತ್ತಿದ್ದ ತಕಾಶಿ ಮತ್ಸುಮೊತೊ ಅವರೇ ಗೀತರಚನೆಕಾರರು. ಬೇಸ್ ಗಿಟಾರಿನ ಹರುವೊಮಿ ಹೊಸೊನೊ ಮುಂದೆ ‘ಯೆಲ್ಲೊ ಮ್ಯಾಜಿಕ್ ಆರ್ಕೆಸ್ಟ್ರಾ’ ಕಟ್ಟಿ ಜಗತ್ತಿನಲ್ಲಿ ಹೆಸರಾದರು. ಹ್ಯಾಪಿ ಎಂಡ್‌ನ ‘ಕಾಜೆಮಾಚಿ ರೋಮನ್’ (1971) ಆಲ್ಬಂ ಜಪಾನೀ ರಾಕ್‌ನ ಮೈಲಿಗಲ್ಲೆಂದು ಇಂದು ಪರಿಗಣಿತವಾಗಿದೆ. ಉಚಿದಾ ಅವರ ವಾದಕ್ಕೆ ವಿರುದ್ಧವಾದ ಸಾಕ್ಷಿಯೊಂದು ಅಷ್ಟರಲ್ಲಿಯೇ ಇತ್ತು: 1963ರಲ್ಲಿ ಕ್ಯೂ ಸಕಮೊತೊ ಜಪಾನೀ ಭಾಷೆಯಲ್ಲಿ ಹಾಡಿದ ಗೀತೆ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತ್ತು.

ಭಾಷೆಯ ಪ್ರಶ್ನೆ ಅಲ್ಲಿ ಬಗೆಹರಿದರೂ ಅಭಿಮಾನಿಗಳ ಜಗಳ ನಿಲ್ಲಲಿಲ್ಲ. ‘ಎಕ್ಸ್ ಜಪಾನ್’ ತಂಡದ ಕೆದರಿದ ಬಣ್ಣದ ಕೂದಲು, ದಟ್ಟ ಪ್ರಸಾಧನ ಕಂಡವರು ಇದು ಸಂಗೀತವೋ ವೇಷವೋ ಎಂದರು. 2010ರಲ್ಲಿ ಆರಂಭವಾದ ‘ಬೇಬಿಮೆಟಲ್’ ತಂಡದಲ್ಲಿ ಹದಿಹರೆಯದ ಹುಡುಗಿಯರು ಹೆವಿ ಮೆಟಲ್ ಹಿಮ್ಮೇಳಕ್ಕೆ ಹಾಡಿ ಕುಣಿದಾಗ ಜಗತ್ತಿನ ಮೆಟಲ್ ಅಭಿಮಾನಿಗಳೇ ಎರಡಾದರು. ಲುಂಗಿ–ಗೆಜ್ಜೆಯ ಬಗ್ಗೆ ನಮ್ಮಲ್ಲಿ ಕೇಳಿಬಂದ ಮಾತುಗಳು ಇವುಗಳಿಗಿಂತ ಬಹಳ ಬೇರೆಯಲ್ಲ.

ಸ್ವರಾಂತ ಭಾಷೆಯ ತೊಡಕು

ಉಚಿದಾ ಪಕ್ಷದ ವಾದದಲ್ಲಿ ಒಂದು ತಿರುಳಿದೆ, ಅದು ಕನ್ನಡಕ್ಕೂ ಅನ್ವಯಿಸುತ್ತದೆ. ಇಂಗ್ಲಿಷಿನ ಬಹಳಷ್ಟು ಪದಗಳು ವ್ಯಂಜನದಲ್ಲಿ ಕೊನೆಗೊಂಡು ಡ್ರಮ್ಸಿನ ಪೆಟ್ಟಿನ ಮೇಲೆ ತಟ್ಟನೆ ನಿಲ್ಲುತ್ತವೆ. ಜಪಾನೀ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುತ್ತವೆ. ಕನ್ನಡವೂ ಹಾಗೆಯೇ. ಹಳಗನ್ನಡದ ‘ಕಣ್’, ‘ಪಾಲ್’ ಹೊಸಗನ್ನಡದಲ್ಲಿ ‘ಕಣ್ಣು’, ‘ಹಾಲು’ ಆಗಿ ಬಾಲಕ್ಕೆ ಸ್ವರ ಅಂಟಿಸಿಕೊಂಡವು. ಈ ಬಾಲದ ಸ್ವರವನ್ನು ನುಂಗಿದರೆ ಉಚ್ಚಾರಣೆ ಕೆಡುತ್ತದೆ, ಪೂರ್ತಿ ಹೇಳಿದರೆ ಪೆಟ್ಟು ಸಡಿಲವಾಗುತ್ತದೆ. ಕೆಲವು ಹೊಸ ಗಾಯಕರ ಕನ್ನಡ ಇಂಗ್ಲಿಷಿನಂತೆ ಕೇಳಿಸುವುದಕ್ಕೆ ಇದು ಒಂದು ಕಾರಣ.

ಮಾತ್ರೆಗಳ ಲೆಕ್ಕವೂ ಇದೆ. ರಾಕ್ ಸಾಮಾನ್ಯವಾಗಿ ನಾಲ್ಕರ ಎಣಿಕೆಯದು. ನಾಲ್ಕು ಮಾತ್ರೆಯ ಗಣದಲ್ಲಿ ನಡೆಯುವ ಪದ ಅದರಲ್ಲಿ ಸಲೀಸಾಗಿ ಕೂರುತ್ತದೆ. ಮೂರರ ನಡೆಗೆ ಬೇರೆ ಲಯ ಬೇಕು. ಐದರ ಗಣವಾದರೆ ಯಾವುದಾದರೂ ಅಕ್ಷರವನ್ನು ಎಳೆಯಲೇಬೇಕು. ಭಜನೆಯ ಹಿರಿಯರು ‘ಎಳೆದಾಡುತ್ತಾರೆ’ ಎಂದು ಬೈಯುವುದು ಇದನ್ನೇ ಇರಬೇಕು. ಅದೇ ತತ್ವಪದಕಾರರೂ ಸೊಲ್ಲಿನ ಕೊನೆಯ ಸ್ವರವನ್ನು ಧಾರಾಳವಾಗಿ ಎಳೆಯುತ್ತಾರೆ. ವ್ಯತ್ಯಾಸ ಎಳೆಯುವ ಸ್ಥಳದಲ್ಲಿದೆ. ರಘು ದೀಕ್ಷಿತ್ ಅವರ ಗಾಯನದಲ್ಲಿ ಪದಗಳ ಉಚ್ಚಾರಣೆ ಸ್ಪಷ್ಟವಾಗಿಯೇ ಉಳಿದಿದೆ ಎಂಬುದನ್ನು ಇಲ್ಲಿ ಹೇಳಬೇಕು. 2016ರಲ್ಲಿ ಚಂದನ್ ಶೆಟ್ಟಿ ಅವರ ‘3 ಪೆಗ್’ ಜನಪ್ರಿಯವಾದ ಬಳಿಕ ಬೆಳೆದ ಕನ್ನಡ ರ‍್ಯಾಪ್‌ಗೆ ಈ ತೊಡಕು ಅಷ್ಟಾಗಿ ಬಾಧಿಸಿಲ್ಲ; ಅದು ಮಾತಿಗೆ ಹತ್ತಿರದ ಕಲೆ.

ಹಾರ್ಮೋನಿಯಂ ಪರದೇಶಿಯಾಗಿದ್ದ ಕಾಲ

ಗಿಟಾರು ಪರಕೀಯವೆನ್ನುವವರಿಗೆ ಹಾರ್ಮೋನಿಯಂ ಕಥೆ ಉಪಯುಕ್ತ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನಿಂದ ಬಂದ ಈ ಪೆಟ್ಟಿಗೆಯನ್ನು ಆಕಾಶವಾಣಿ 1940ರಲ್ಲಿ ನಿಷೇಧಿಸಿತ್ತು. ನಮ್ಮ ಸಂಗೀತದ ಗಮಕಗಳನ್ನು ಅದು ನುಡಿಸಲಾರದು ಎಂಬುದು ಕಾರಣ. 1971ರವರೆಗೆ ನಿಷೇಧ ಸಡಿಲಲಿಲ್ಲ. ಆದರೆ 1884ರಲ್ಲಿ ಇದೇ ಜಿಲ್ಲೆಯ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಯಿಂದ ಹಿಡಿದು ಇಂದಿನ ಹಳ್ಳಿಗಳ ‘ಕುರುಕ್ಷೇತ್ರ’ದವರೆಗೆ ಹಾರ್ಮೋನಿಯಂ ಇಲ್ಲದ ರಂಗಗೀತೆಯನ್ನು ತುಮಕೂರು ಸೀಮೆ ಊಹಿಸಲಾರದು. ಹಾರ್ಮೋನಿಯಂ ಮೇಷ್ಟ್ರೇ ನಾಟಕದ ನಿರ್ದೇಶಕರು. ಅವರಲ್ಲಿ ಕೆಲವರ ಪಕ್ಕದಲ್ಲಿ ಈಗ ಕೀಬೋರ್ಡಿನ ಹುಡುಗನೂ ಕುಳಿತಿರುತ್ತಾನೆ.

ಪರಕೀಯ ವಾದ್ಯ ಒಳಬಂದಾಗ ಹೊರಹೋಗುವುದು ಯಾವುದು ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಮೂಡಲಪಾಯ ಯಕ್ಷಗಾನದ ಮುಖವೀಣೆ, ಅರೆವಾದ್ಯ, ಚಿಟ್ಟಿಮೇಳಗಳನ್ನು ನುಡಿಸುವವರು ಈ ಭಾಗದಲ್ಲಿ ಕಡಿಮೆಯಾಗುತ್ತಿದ್ದಾರೆ. ಅವರ ಜಾಗ ಕಸಿದದ್ದು ಷರೀಫರನ್ನು ಹಾಡುವ ರಾಕ್ ತಂಡವಲ್ಲ. ಅಂತಹ ತಂಡಗಳು ತಾಲ್ಲೂಕು ಕೇಂದ್ರಗಳಿಗೆ ಬರುವುದೇ ಅಪರೂಪ. ಗಣೇಶನ ಪೆಂಡಾಲಿನಲ್ಲಿ ಸಿನಿಮಾ ಹಾಡುಗಳ ಆರ್ಕೆಸ್ಟ್ರಾ, ಮೆರವಣಿಗೆಯಲ್ಲಿ ಡಿ.ಜೆ. ಧ್ವನಿವರ್ಧಕ ಇವು ಕಸಿದದ್ದು. ಚಂದಾ ಹಣ ಎಲ್ಲಿಗೆ ಹೋಗುತ್ತದೋ ಕಲಾವಿದರೂ ಅಲ್ಲಿಗೆ ಹೋಗುತ್ತಾರೆ. ಈ ದೃಷ್ಟಿಯಿಂದ ನೋಡಿದರೆ ಭಜನೆಯ ಹಿರಿಯರೂ ಕನ್ನಡ ರಾಕ್ ಕೇಳುವ ಮೊಮ್ಮಕ್ಕಳೂ ಎದುರಾಳಿಗಳೇ ಅಲ್ಲ.

ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು (2000) ರಾತ್ರಿ 10ರ ನಂತರ ಧ್ವನಿವರ್ಧಕವನ್ನು ನಿರ್ಬಂಧಿಸುತ್ತವೆ. ಹಬ್ಬಗಳಿಗೆಂದು ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ನೀಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಆ ವೇಳೆಗೆ ಆರ್ಕೆಸ್ಟ್ರಾದವರು ವೈರುಗಳನ್ನು ಸುತ್ತಿ ಲಾರಿಗೆ ಹಾಕಬೇಕು. ದೇವಸ್ಥಾನದ ಒಳಗೆ ಮೈಕಿಲ್ಲದೆ ಕುಳಿತ ಭಜನೆಯವರಿಗೆ ಆ ಅವಸರವಿಲ್ಲ. ತತ್ವಪದಗಳು ಸಾಮಾನ್ಯವಾಗಿ ಶುರುವಾಗುವುದೇ ಆ ಹೊತ್ತಿಗೆ.