ಫೋಕಸ್: ಒಲೆಯಿಂದ ಕಣ್ಣಿಗೆ

'ಓದಿನ ಮೇಲೆ ಫೋಕಸ್ ಮಾಡೋ' ಎಂದು ಮಗನನ್ನು ಗದರುವ ತಾಯಿ ತಾನು ಒಲೆಯ ಹೆಸರು ಹೇಳುತ್ತಿದ್ದೇನೆ ಎಂದುಕೊಂಡಿರುವುದಿಲ್ಲ. ಲ್ಯಾಟಿನ್ನಿನಲ್ಲಿ ಫೋಕಸ್ ಎಂದರೆ ಮನೆಯ ಒಲೆ. 1604ರಲ್ಲಿ ಖಗೋಳಜ್ಞ ಕೆಪ್ಲರ್ ತನ್ನ ಬೆಳಕಿನ ಗ್ರಂಥದಲ್ಲಿ ಅದನ್ನು ಗಣಿತದ ಬಿಂದುವೊಂದರ ಹೆಸರಾಗಿಸಿದ. ಭೂತಗನ್ನಡಿ ಬಿಸಿಲನ್ನು ಕೂಡಿಸಿ ಕಾಗದ ಸುಡುವ ಜಾಗವೂ ಅದೇ ತಾನೆ! ನಮ್ಮ ಪಠ್ಯಪುಸ್ತಕಗಳು ಇದನ್ನು 'ಸಂಗಮ' ಎಂದವು. ಒಳ್ಳೆಯ ಪದವೇ, ಆದರೆ ಬೆಂಕಿ ಆರಿಹೋಯಿತು.

ಈ ಒಲೆ ಕ್ಯಾಮೆರಾದೊಳಗೂ ಇದೆ. ಡಬ್ಲಿನ್ನಿನ ಕ್ಯಾಸಲ್‌ನಾಕ್‌ನಲ್ಲಿ ಕ್ಯಾಮೆರಾ ಹಿಡಿದವರಿಗೆ ಪಕ್ಕದ ಫೀನಿಕ್ಸ್ ಪಾರ್ಕಿನ ಜಿಂಕೆಗಳೇ ಪಾಠಶಾಲೆ. ಕಣ್ಣಿಗೆ ಗುರಿಯಿಟ್ಟರೆ ಕಿವಿ ಸ್ಪಷ್ಟ, ಕಣ್ಣು ಮಸುಕು. ತಪ್ಪು ಸದಾ ಕೈಯದಲ್ಲ. ಕನ್ನಡಿಯಿರುವ ಡಿಎಸ್‌ಎಲ್‌ಆರ್‌ನಲ್ಲಿ ದೂರ ಅಳೆಯುವ ಸೆನ್ಸರ್ ಬೇರೆ, ಚಿತ್ರ ಹಿಡಿಯುವ ಸೆನ್ಸರ್ ಬೇರೆ; ನಡುವೆ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಸಾಕು. ಅದಕ್ಕೇ ನಿಕಾನ್‌ನಲ್ಲಿ ಎಎಫ್ (ಆಟೋಫೋಕಸ್) ಫೈನ್ ಟ್ಯೂನ್: ಮೈನಸ್ 20ರಿಂದ ಪ್ಲಸ್ 20. ಫೋಕಸ್ ಗುರಿಗಿಂತ ಮುಂದೆ, ನಮ್ಮತ್ತ ಬೀಳುತ್ತಿದ್ದರೆ ಪ್ಲಸ್. ಹಿಂದೆ ಬೀಳುತ್ತಿದ್ದರೆ ಮೈನಸ್. ಕನ್ನಡಿಯಿಲ್ಲದ ಹೊಸ ಕ್ಯಾಮೆರಾಗಳು ಚಿತ್ರದ ಸೆನ್ಸರಿನಲ್ಲೇ ಅಳೆಯುವುದರಿಂದ ಈ ತಾಪತ್ರಯ ಬಹುಮಟ್ಟಿಗೆ ಇಲ್ಲ.

'ಫೈನ್ ಟ್ಯೂನ್'ಗೆ ಕನ್ನಡ ಹುಡುಕಬೇಕಿಲ್ಲ. ತಂಬೂರಿಯ ಬಿರಡೆ ತಿರುಗಿಸಿದ ಮೇಲೂ ತಂತಿಯ ಮಣಿಯನ್ನು ಎಳ್ಳಷ್ಟು ಸರಿಸಿ ಶ್ರುತಿ ಕೂಡಿಸುತ್ತಾರಲ್ಲ, ಅದೇ ಇದು. ಲೆನ್ಸಿಗೂ ಶ್ರುತಿ ಮಾಡೋಣ.

ಶ್ರುತಿ ಪರೀಕ್ಷೆಗೆ ಮಾತ್ರ ಗೋಡೆಗೊರಗಿಸಿದ ಅಳತೆಪಟ್ಟಿ ಸಾಕು. ಅದಕ್ಕಾಗಿ ಜಿಂಕೆಗಳ ಹತ್ತಿರ ಹೋಗಬೇಡಿ; ಅವುಗಳಿಂದ 50 ಮೀಟರ್ ದೂರವಿರಬೇಕೆಂಬುದು ಪಾರ್ಕಿನವರ ಸೂಚನೆ.