ಆನ್ರಿ-ಎಡ್ಮಂಡ್ ಕ್ರಾಸ್ (1856–1910)

ಫ್ರಾನ್ಸಿನ ನವ-ಇಂಪ್ರೆಷನಿಸ್ಟ್ ಚಿತ್ರಕಾರ. ಉತ್ತರ ಭಾಗದ ದುಏ ಪಟ್ಟಣದಲ್ಲಿ ಹುಟ್ಟಿದ. ತಾಯಿ ಇಂಗ್ಲಿಷ್ ಮಹಿಳೆ. ಮನೆತನದ ಹೆಸರು ದೆಲಕ್ರುವಾ. ಹಿರಿಯ ಚಿತ್ರಕಾರ ಯೂಜೀನ್ ದೆಲಕ್ರುವಾನ ಹೆಸರಿನೊಂದಿಗೆ ಗೊಂದಲವಾಗಬಾರದೆಂದು 1881ರಲ್ಲಿ ಈತ ಅದನ್ನು ಬಿಟ್ಟು ಕ್ರಾಸ್ ಎಂಬ ಹೆಸರಿಟ್ಟುಕೊಂಡ. ಲೀಲ್ ಮತ್ತು ಪ್ಯಾರಿಸುಗಳಲ್ಲಿ ಕಲಿತ ದಿನಗಳ ಚಿತ್ರಗಳಲ್ಲಿ ಮಂಕು ಬಣ್ಣಗಳೇ ಹೆಚ್ಚು.

ಕ್ರಾಸ್‌ನನ್ನು ಬಿಡಿ ಬಣ್ಣದ ಚುಕ್ಕಿಗಳಿಂದ ಚಿತ್ರ ಬಿಡಿಸುವ ವಿಧಾನವನ್ನು ರೂಪಿಸಿದ ಜಾರ್ಜ್ ಸ್ಯೂರಾನ ಅನುಯಾಯಿ ಎಂದಷ್ಟೇ ಹೇಳಿ ಮುಗಿಸುವ ರೂಢಿಯಿದೆ. ಕಾಲಕ್ರಮ ಅದಕ್ಕೆ ಒಪ್ಪುವುದಿಲ್ಲ. 1884ರಲ್ಲಿ ಸ್ಯೂರಾ, ಪಾಲ್ ಸಿನ್ಯಾಕ್ ಮೊದಲಾದವರೊಂದಿಗೆ ಸ್ವತಂತ್ರ ಕಲಾವಿದರ ಸಂಘವನ್ನು ಕಟ್ಟಿದರೂ ಈತ ಚುಕ್ಕಿಯ ವಿಧಾನಕ್ಕೆ ಬಂದದ್ದು 1891ರಲ್ಲಿ, ಸ್ಯೂರಾ ತೀರಿಕೊಂಡ ವರ್ಷ. ಸಂಧಿವಾತದಿಂದ ಬಳಲುತ್ತಿದ್ದ ಈತ ಅದೇ ವರ್ಷ ಮೆಡಿಟರೇನಿಯನ್ ತೀರಕ್ಕೆ ಹೋಗಿ ಮೊದಲು ಕಬಾಸೊನ್‌ನಲ್ಲಿ, ಬಳಿಕ ಲ ಲಾವಂದೂ ಬಳಿಯ ಸೇಂಟ್ ಕ್ಲೇರ್‌ನಲ್ಲಿ ನೆಲೆಸಿದ. ಸಿನ್ಯಾಕ್ ಅದೇ ತೀರದ ಸೇಂಟ್ ಟ್ರೊಪೇಗೆ ಬಂದದ್ದು ಮರುವರ್ಷ.

ಕ್ರಾಸ್ ಆ ತೀರದಲ್ಲಿ ಬಿಡಿಸಿದ 'ಚಿನ್ನದ ದ್ವೀಪಗಳು' (1891–92) ಚಿತ್ರದಲ್ಲಿ ದೋಣಿಯಿಲ್ಲ, ಮನುಷ್ಯರಿಲ್ಲ. ಮರಳು, ನೀರು, ದ್ವೀಪಗಳ ಸಾಲು, ಆಕಾಶ, ಇಷ್ಟೇ. ಒಂದರ ಮೇಲೊಂದು ಅಡ್ಡಪಟ್ಟಿಗಳು. ಮುಂದಿನ ಮರಳಿನ ಚುಕ್ಕಿಗಳು ದಪ್ಪ, ದೂರ ಸರಿದಂತೆ ಸಣ್ಣ. ಆಳದ ಭಾವನೆಯನ್ನು ಹುಟ್ಟಿಸುವುದು ಈ ಗಾತ್ರದ ವ್ಯತ್ಯಾಸ.

ಆದರೂ ಈತನ ಬದುಕಿನ ನಿಜವಾದ ತಿರುವು 1895ರ ಆಸುಪಾಸಿನದು. ಚುಕ್ಕಿಗಳು ಹಿಗ್ಗಿ ಇಟ್ಟಿಗೆಯಾಕಾರದ ಅಗಲ ಗುರುತುಗಳಾದವು. ನಡುವೆ ಬಿಳಿ ತಳ ಇಣುಕತೊಡಗಿತು. ಸಣ್ಣ ಚುಕ್ಕಿಗಳ ಬಣ್ಣ ನೋಡುವವರ ಕಣ್ಣಿನಲ್ಲಿ ಬೆರೆಯಬೇಕೆಂಬುದು ಸ್ಯೂರಾನ ಲೆಕ್ಕಾಚಾರವಾಗಿತ್ತು. ಕ್ರಾಸ್‌ನ ಕಿತ್ತಳೆಯೂ ನೀಲಿಯೂ ಬೆರೆಯದೆ ಎದುರುಬದುರು ನಿಂತು ಒಂದನ್ನೊಂದು ಹೊಳೆಯಿಸುತ್ತವೆ. ದಕ್ಷಿಣದ ಬಿಸಿಲಿಗೆ ತಕ್ಕ ಉಪಾಯವದು. ಕಂಡದ್ದನ್ನು ಕಂಡಂತೆ ಬರೆಯುವ ಹಂಬಲವನ್ನೂ ಈತ ಕ್ರಮೇಣ ಕೈಬಿಟ್ಟ. ಹೊರಗೆ ಜಲವರ್ಣದಲ್ಲಿ ಹಿಡಿದಿಟ್ಟುಕೊಂಡದ್ದನ್ನು ಮನೆಯಲ್ಲಿ ಕೂತು ತೈಲವರ್ಣದಲ್ಲಿ ಹೊಸದಾಗಿ ಹೊಂದಿಸುತ್ತಿದ್ದ.

ಚಿತ್ರಕಾರ ಆನ್ರಿ ಮಾತೀಸ್ 1904ರ ಬೇಸಗೆಯನ್ನು ಸೇಂಟ್ ಟ್ರೊಪೇಯಲ್ಲಿ ಕಳೆದದ್ದು ಪ್ರಸಿದ್ಧ ಸಂಗತಿ. ಆ ಬೇಸಗೆ ಅವನ ಕಲೆಯ ಮೇಲೆ ಬೀರಿದ ಪ್ರಭಾವದ ಹೆಗ್ಗಳಿಕೆ ಬಹುಪಾಲು ಸಿನ್ಯಾಕ್‌ಗೆ ಸಂದಿದೆ. ಅದು ಪೂರ್ತಿ ನ್ಯಾಯವಲ್ಲ. ಸಿನ್ಯಾಕ್‌ನ ಮನೆಯಲ್ಲಿ ಮಾತೀಸ್ ನೋಡಿದ 'ಸಂಜೆಯ ಗಾಳಿ' (1893–94) ಕ್ರಾಸ್‌ನದು. ಕಡಲ ದಂಡೆಯ ಮರಗಳ ನೆರಳಿನಲ್ಲಿ ವಿರಮಿಸುವ ಹೆಂಗಸರ ಆ ಚಿತ್ರದ ಛಾಯೆ ಮಾತೀಸ್‌ನ 'ಲ್ಯೂಕ್ಸ್, ಕಾಲ್ಮ್ ಎ ವೊಲ್ಯುಪ್ತೆ' ಕೃತಿಯ ಮೇಲೆ ಸ್ಪಷ್ಟವಾಗಿದೆ. ಮುಂದೆ ಮಾತೀಸ್ ಮೊದಲಾದ ಫಾವಿಸ್ಟ್ ಚಿತ್ರಕಾರರು ಬೆಳೆಸಿದ ಬಿಡಿಬಣ್ಣದ ಧೈರ್ಯಕ್ಕೆ ಕ್ರಾಸ್‌ನ ಅಗಲ ಕುಂಚವೂ ಒಂದು ಮೂಲ.

ಕೊನೆಯ ವರ್ಷಗಳಲ್ಲಿ ಕೀಲುನೋವು, ಕಣ್ಣಿನ ತೊಂದರೆ ಬಿಡದೆ ಕಾಡಿದವು. 1905ರಲ್ಲಿ ಪ್ಯಾರಿಸಿನ ದ್ರುಯೆ ಗ್ಯಾಲರಿಯಲ್ಲಿ, 1907ರಲ್ಲಿ ಬೆರ್ನ್‌ಹೈಮ್-ಜೂನ್ ಗ್ಯಾಲರಿಯಲ್ಲಿ ಏಕವ್ಯಕ್ತಿ ಪ್ರದರ್ಶನಗಳು ನಡೆದವು. 1910ರ ಮೇ 16ರಂದು ಸೇಂಟ್ ಕ್ಲೇರ್‌ನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ.