ಯೋಗಪಟ್ಟ: ಒಂದು ಕಟ್ಟಿನ ಚರಿತ್ರೆ



ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ, ಬಯಲಿನ ಹೊಲಗಳು ಮುಗಿದು ಕಾಡು ಮೊದಲಾಗುವೆಡೆ ಪುಣಜನೂರು ಎಂಬ ಊರುಂಟು. ಅಲ್ಲಿ ಅರಣ್ಯ ಇಲಾಖೆಯ ತನಿಖಾ ಠಾಣೆ ಇದೆ. ಹೋಗುವ ಬರುವ ಬಂಡಿಗಳು ಅಲ್ಲಿ ಕ್ಷಣಕಾಲ ನಿಲ್ಲಲೇಬೇಕು. ಹಾಗೆ ನಿಂತ ಒಂದು ಗಳಿಗೆಯಲ್ಲಿ ನನ್ನ ಕಣ್ಣಿಗೆ ಬಿದ್ದ ಒಂದು ಸಾಮಾನ್ಯ ದೃಶ್ಯವೇ ಈ ಭಾಷಣಕ್ಕೆ ಕಾರಣವಾಯಿತು.

ದಾರಿಯ ಬದಿಯ ಮರದ ನೆರಳಿನಲ್ಲಿ ಒಬ್ಬ ವೃದ್ಧರು ಮಂಡಿಗಳನ್ನು ಮೇಲಕ್ಕೆತ್ತಿ, ತಮ್ಮ ವಲ್ಲಿಯನ್ನು ಬೆನ್ನಿನಿಂದ ಬಳಸಿ ತಂದು ಮಂಡಿಗಳ ಮುಂದೆ ಗಂಟು ಹಾಕಿಕೊಂಡು ಕುಳಿತಿದ್ದರು. ಗೋಡೆಯಿಲ್ಲ, ಒರಗುವುದಕ್ಕೆ ಕಂಬವಿಲ್ಲ. ಆದರೂ ದೇಹವು ನೆಟ್ಟಗೆ, ನಿರಾಯಾಸವಾಗಿ ನಿಂತಿದ್ದಿತು. ನನ್ನ ಜೊತೆಯಲ್ಲಿದ್ದ ವಿದ್ಯಾರ್ಥಿಯೊಬ್ಬನು ಆ ಹೊತ್ತನ್ನು ವ್ಯರ್ಥಮಾಡಲೊಲ್ಲದೆ ಚೀಲದಿಂದ ತನ್ನ ವ್ಯಾಯಾಮದ ಪಟ್ಟಿಯನ್ನು ತೆಗೆದು ಒಂದು ಕೊಂಬೆಗೆ ತೂಗಹಾಕಿದನು. ನೈಲಾನಿನ ಎರಡು ಪಟ್ಟಿ, ತುದಿಗೆ ಹಿಡಿಕೆ, ಉದ್ದವನ್ನು ಹೆಚ್ಚುಕಡಮೆ ಮಾಡುವುದಕ್ಕೆ ಲೋಹದ ಬಕಲು. ಹಿಡಿಕೆಗಳನ್ನು ಹಿಡಿದು, ದೇಹವನ್ನು ಹಿಂದಕ್ಕೆ ಓರೆಯಾಗಿಸಿ, ತೋಳಿನ ಬಲದಿಂದ ತನ್ನನ್ನು ತಾನೇ ಮೇಲಕ್ಕೆಳೆದುಕೊಳ್ಳುತ್ತಿದ್ದ ಅವನನ್ನು ವೃದ್ಧರು ಬಹಳ ಹೊತ್ತು ನೋಡಿ, "ನನ್ ವಲ್ಲಿ ನನ್ನ ಹಿಡ್ಕತದ ಮಗ, ಅದು ನಿನ್ನ ಏನ್ ಮಾಡ್ತದ?" ಎಂದು ಕೇಳಿದರು.

ವಿದ್ಯಾರ್ಥಿ ನಕ್ಕನು. ಬಂಡಿಯನ್ನು ಹತ್ತಿದ ಮೇಲೆ ಅವನು, "ಸಾರ್, ಇಂಥದ್ದೆಲ್ಲ ನಮ್ಮವರಿಗೆ ಎಲ್ಲಿ ಗೊತ್ತಿತ್ತು?" ಎಂದನು. ಮುಂದಿನ ಪೀಠದಲ್ಲಿದ್ದ ಮತ್ತೊಬ್ಬನು ಅಷ್ಟೇ ಧೈರ್ಯದಿಂದ, "ಎಲ್ಲವೂ ನಮ್ಮಲ್ಲಿ ಸಾವಿರಾರು ವರ್ಷಗಳಿಂದ ಇದ್ದದ್ದೇ, ಪರದೇಶದವರು ಕದ್ದದ್ದು" ಎಂದನು. ಚರಿತ್ರೆಯ ಅಧ್ಯಾಪಕನಾದ ನನಗೆ ಈ ಎರಡು ಮಾತೂ ಒಂದೇ ರೋಗದ ಎರಡು ಲಕ್ಷಣಗಳಂತೆ ತೋರಿದವು. ಸಾಕ್ಷ್ಯವೇನು ಹೇಳುತ್ತದೆ ಎಂಬುದನ್ನು ಇಬ್ಬರೂ ಕೇಳಲಿಲ್ಲ. ಅದನ್ನೇ ನಾವು ಈಗ ಕೇಳೋಣ.

ಆ ವೃದ್ಧರು ಕಟ್ಟಿಕೊಂಡಿದ್ದುದಕ್ಕೆ ಶಾಸ್ತ್ರದಲ್ಲಿ ಯೋಗಪಟ್ಟವೆಂದು ಹೆಸರು. ಪತಂಜಲಿಯ ಯೋಗಸೂತ್ರಗಳಿಗೆ ವ್ಯಾಸನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಭಾಷ್ಯವು ಪದ್ಮಾಸನ, ವೀರಾಸನ, ಭದ್ರಾಸನ ಮುಂತಾದವುಗಳ ಸಾಲಿನಲ್ಲಿ 'ಸೋಪಾಶ್ರಯ'ವೆಂಬ ಒಂದು ಆಸನವನ್ನು ಎಣಿಸುತ್ತದೆ. ಆಶ್ರಯದಿಂದ ಕೂಡಿದ ಆಸನವೆಂದು ಆ ಪದದ ಅರ್ಥ. ಅದರ ಮೇಲೆ ಟೀಕೆಯನ್ನು ಬರೆದ ವಾಚಸ್ಪತಿಮಿಶ್ರನು ಈ ಆಶ್ರಯವು ಯೋಗಪಟ್ಟವೇ ಎಂದು ವಿವರಿಸುತ್ತಾನೆ. ಎಂದರೆ, ಸಾವಿರ ವರ್ಷಗಳಿಗೂ ಹಿಂದೆಯೇ ಪಂಡಿತರು ಪಟ್ಟಿಯ ಸಹಾಯದಿಂದ ಕುಳಿತುಕೊಳ್ಳುವುದನ್ನು ಕುಂದೆಂದು ಎಣಿಸದೆ, ಆಸನಗಳಲ್ಲಿ ಒಂದೆಂದು ಗಣನೆಗೆ ತಂದಿದ್ದರು.

ಗ್ರಂಥದ ಸಾಕ್ಷ್ಯಕ್ಕೆ ಶಿಲೆಯ ಸಾಕ್ಷ್ಯವೂ ಜೊತೆಗೂಡುತ್ತದೆ. ಮೇಲುಕೋಟೆಯ ಬೆಟ್ಟದ ಮೇಲಿನ ಯೋಗಾನರಸಿಂಹನು ಮಂಡಿಗಳನ್ನೆತ್ತಿ, ಅವುಗಳಿಗೆ ಪಟ್ಟಿಯನ್ನು ಬಿಗಿದು ಕುಳಿತಿರುವುದನ್ನು ನೀವೆಲ್ಲರೂ ಕಂಡಿರುತ್ತೀರಿ. ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ, ಹಂಪೆಯಲ್ಲಿ ಏಕಶಿಲೆಯಿಂದ ಕಡೆದ, ಆರೂವರೆ ಮೀಟರಿಗೂ ಮಿಗಿಲಾದ ಎತ್ತರದ ನರಸಿಂಹಮೂರ್ತಿಯ ಮಂಡಿಗಳ ನಡುವೆಯೂ ಇಂದು ಕಲ್ಲಿನ ಪಟ್ಟಿ ಕಾಣುತ್ತದೆ. ಭಗ್ನವಾಗಿದ್ದ ಆ ವಿಗ್ರಹವನ್ನು ಈಚಿನ ಕಾಲದಲ್ಲಿ ಜೀರ್ಣೋದ್ಧಾರ ಮಾಡಿದಾಗ ಅದು ಈಗಿನ ರೂಪಕ್ಕೆ ಬಂದಿತು. ಶಬರಿಮಲೆಯ ಅಯ್ಯಪ್ಪನ ಭಂಗಿಯೂ ಇದೇ. ದೇವರಿಗೇಕೆ ಆಸರೆ ಎಂದು ಶಿಲ್ಪಿಗಳು ಸಂಕೋಚಪಡಲಿಲ್ಲವೆಂಬುದು ಗಮನಾರ್ಹ.

ಆದರೆ ಇಷ್ಟರಿಂದಲೇ ನನ್ನ ಎರಡನೆಯ ವಿದ್ಯಾರ್ಥಿಯ ಪಕ್ಷವು ಗೆದ್ದಂತಾಗಲಿಲ್ಲ. ಯೋಗಪಟ್ಟದ ಕೆಲಸ ದೇಹವನ್ನು ನಿಲ್ಲಿಸುವುದು, ದಣಿಸುವುದಲ್ಲ. ಧ್ಯಾನಿಯ ಸ್ನಾಯುಗಳಿಗೆ ಅದು ವಿಶ್ರಾಂತಿಯನ್ನು ಕೊಡುತ್ತದೆ. ಕೊಂಬೆಗೆ ತೂಗಿದ ಪಟ್ಟಿಯಾದರೋ ಸ್ನಾಯುಗಳಿಗೆ ಕೆಲಸವನ್ನು ಒದಗಿಸುತ್ತದೆ. ಒಂದು ಆಸರೆಯಾದರೆ ಮತ್ತೊಂದು ಎದುರು. ಈ ಎರಡನೆಯ ಬಗೆಯನ್ನು ನಾವು ಧ್ಯಾನಮಂಟಪದಲ್ಲಲ್ಲ, ಮಲ್ಲರ ಅಂಕಣದಲ್ಲಿ ಹುಡುಕಬೇಕು.

ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಮಲ್ಲವಿನೋದ ಪ್ರಕರಣದಲ್ಲಿ ಜಟ್ಟಿಗಳ ಆಹಾರ, ದಿನಚರಿ, ಸಾಧನೆಗಳ ವಿವರವಿದೆ. ಭಾರವನ್ನೆತ್ತುವುದು, ನೀರಿನಲ್ಲಿ ಈಜುವುದು ಮುಂತಾದ ಶ್ರಮಗಳ ಜೊತೆಗೆ ಕಂಬವನ್ನು ಆಶ್ರಯಿಸಿ ಮಾಡುವ ಶ್ರಮವನ್ನೂ ಅದು ಹೇಳುತ್ತದೆ. ಮುಂದೆ ಮಹಾರಾಷ್ಟ್ರದಲ್ಲಿ ಎರಡನೆಯ ಬಾಜೀರಾಯ ಪೇಶ್ವೆಯ ಕಾಲದಲ್ಲಿ ಬಾಳಂಭಟ್ಟ ದೇವಧರರು ಮಲ್ಲಕಂಬಕ್ಕೆ ಹೊಸ ಜೀವವನ್ನು ಕೊಟ್ಟರು. ಕಂಬದ ಬದಲು ತೂಗುವ ಹಗ್ಗದ ಮೇಲೆ ಅದೇ ಕಸರತ್ತನ್ನು ಮಾಡುವ ಪದ್ಧತಿಯೂ ಬೆಳೆಯಿತು. ಇಲ್ಲಿ ಎತ್ತುವ ಭಾರ ಗುಂಡುಕಲ್ಲಿನದಲ್ಲ, ಎತ್ತುವವನ ದೇಹದ್ದೇ.

ಈಗ ಮತ್ತೆ ನಮ್ಮ ಸೀಮೆಗೆ ಬರೋಣ. ಪುಣಜನೂರಿಗೆ ಹೋಗುವವರು ಹಾದುಹೋಗುವ ಚಾಮರಾಜನಗರಕ್ಕೆ ಹಿಂದೆ ಅರಿಕುಠಾರವೆಂದು ಹೆಸರಿದ್ದಿತು. ಅದು ಖಾಸಾ ಚಾಮರಾಜ ಒಡೆಯರ ಜನ್ಮಸ್ಥಳ. ಅವರ ಪುತ್ರರಾದ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಆ ಊರಿಗೆ ತಂದೆಯ ಹೆಸರನ್ನಿಟ್ಟರು. 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. 1831ರಲ್ಲಿ ಇಂಗ್ಲಿಷರು ರಾಜ್ಯಭಾರವನ್ನು ಅವರ ಕೈಯಿಂದ ತೆಗೆದುಕೊಂಡ ಸಂಗತಿ ಸರ್ವವಿದಿತ. ಆಡಳಿತವು ತಪ್ಪಿದ ಮೇಲೂ ವಿದ್ಯೆ ತಪ್ಪಲಿಲ್ಲ. ಅವರ ಹೆಸರಿನಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ' ಎಂಬ ಸಚಿತ್ರ ಮಹಾಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ. ಅದರಲ್ಲಿ 122 ಆಸನಗಳು ಬಣ್ಣದ ಚಿತ್ರಗಳ ಸಮೇತ ಇವೆ. ಆ ಚಿತ್ರಗಳಲ್ಲಿ ಕೆಲವು ಹಗ್ಗದ ಆಸನಗಳವು.

ಈ ಆಸನಗಳ ಮೂಲವೇನೆಂಬುದು ಬಹುಕಾಲ ಸ್ಪಷ್ಟವಾಗಿರಲಿಲ್ಲ. ಮೈಸೂರರಮನೆಯ ಯೋಗ ಪರಂಪರೆಯನ್ನು ಕುರಿತು ನಾರ್ಮನ್ ಸ್ಯೋಮನ್ ಎಂಬ ವಿದ್ವಾಂಸರು 1996ರಲ್ಲಿ ಪ್ರಕಟಿಸಿದ ಪುಸ್ತಕವು ಆ ಚಿತ್ರಗಳನ್ನು ಲೋಕದ ಮುಂದಿಟ್ಟಿತು. ಅನಂತರ ಜೇಸನ್ ಬರ್ಚ್ ಮತ್ತು ಮಾರ್ಕ್ ಸಿಂಗಲ್ಟನ್ ಎಂಬವರು, ಹದಿನೆಂಟನೆಯ ಶತಮಾನದ್ದೆಂದು ಎಣಿಸಲಾಗಿರುವ 'ಹಠಾಭ್ಯಾಸಪದ್ಧತಿ' ಎಂಬ ಸಂಸ್ಕೃತ ಗ್ರಂಥಕ್ಕೂ ಇದಕ್ಕೂ ಇರುವ ನಿಕಟ ಸಂಬಂಧವನ್ನು ತೋರಿಸಿಕೊಟ್ಟರು. ಕಪಾಲಕುರಂಟಕನ ಆ ಗ್ರಂಥದಲ್ಲಿ ಆಸನಗಳನ್ನು ಮಲಗಿ ಮಾಡುವವು, ನಿಂತು ಮಾಡುವವು ಎಂದು ಮುಂತಾಗಿ ಆರು ವರ್ಗ ಮಾಡಿ, ಹಗ್ಗದಿಂದ ಮಾಡುವವನ್ನು ಒಂದು ಪ್ರತ್ಯೇಕ ವರ್ಗವಾಗಿಯೇ ಇರಿಸಲಾಗಿದೆ. ಮಲ್ಲನ ಹಗ್ಗವೂ ಯೋಗಿಯ ಆಸನವೂ ಇಲ್ಲಿ ಒಂದೇ ಎಡೆಯಲ್ಲಿ ಕಲೆತಿವೆ. ಇದು ಸಾವಿರಾರು ವರ್ಷಗಳ ಪ್ರಾಚೀನತೆಯಲ್ಲ. ಆದರೆ ಪರದೇಶದಿಂದ ಬಂದ ಎರವಲೂ ಅಲ್ಲ. ಇನ್ನೂರು ಮುನ್ನೂರು ವರ್ಷಗಳ ಹಿಂದೆ ನಮ್ಮವರು ಬುದ್ಧಿಪೂರ್ವಕವಾಗಿ ಮಾಡಿದ ಕೆಲಸ.

ಇತ್ತ ಯೂರೋಪಿನಲ್ಲಿಯೂ ಜನರು ಸುಮ್ಮನಿರಲಿಲ್ಲ. 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಪೆರ್ ಹೆನ್ರಿಕ್ ಲಿಂಗ್ ಎಂಬಾತನು ವ್ಯಾಯಾಮದ ಕೇಂದ್ರ ವಿದ್ಯಾಲಯವನ್ನು ಸ್ಥಾಪಿಸಿದನು. ಶತಮಾನದ ಕೊನೆಗೆ ಯೂಜೆನ್ ಸ್ಯಾಂಡೋ ಎಂಬ ಪ್ರಸಿದ್ಧ ಮಲ್ಲನು ಗೋಡೆಗೆ ಸಿಕ್ಕಿಸಿ ಎಳೆಯುವ ರಬ್ಬರಿನ ಪಟ್ಟಿಗಳ ಸಲಕರಣೆಯನ್ನು ತನ್ನ ಹೆಸರಿನಲ್ಲಿ ಮಾರಿದನು. 1904–05ರಲ್ಲಿ ಅವನು ಹಿಂದೂಸ್ಥಾನದಲ್ಲಿಯೂ ಸಂಚರಿಸಿದನು. ನಮ್ಮ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದ ಕೆ. ವಿ. ಅಯ್ಯರ್‌ರವರು — 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃವೆಂದು ನೀವು ಬಲ್ಲವರೇ — ಈ ಪಾಶ್ಚಾತ್ಯ ಕ್ರಮವನ್ನೂ ನಮ್ಮ ಸೂರ್ಯನಮಸ್ಕಾರವನ್ನೂ ಕೂಡಿಸಿ ಕಲಿಸಿದರು. ತಾವು ಎರಡನ್ನೂ ಕೂಡಿಸಿದುದನ್ನು ಅವರು ಮುಚ್ಚಿಡಲಿಲ್ಲ.

1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ ಆರಂಭವಾಯಿತು. ಮರುವರ್ಷ ಅವರ 'ಯೋಗಮಕರಂದ' ಕನ್ನಡದಲ್ಲಿ ಪ್ರಕಟವಾಯಿತು. ಆ ಶಾಲೆಗೆ ಬಂದ ಬಾಲಕರಲ್ಲಿ ಆಚಾರ್ಯರ ಪತ್ನಿಯ ತಮ್ಮನೊಬ್ಬನಿದ್ದನು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದವನು; ಮಲೇರಿಯಾ, ಟೈಫಾಯಿಡ್, ಕ್ಷಯಗಳಿಂದ ಬಡಕಲಾದ ಮೈಯವನು. ಆತನೇ ಮುಂದೆ ಜಗತ್ಪ್ರಸಿದ್ಧರಾದ ಬಿ. ಕೆ. ಎಸ್. ಅಯ್ಯಂಗಾರ್.

ಅಯ್ಯಂಗಾರರು 1937ರಲ್ಲಿ ಪುಣೆಗೆ ಹೋದರು. ಅಲ್ಲಿ ಅವರ ಬಳಿಗೆ ಬಂದವರಲ್ಲಿ ರೋಗಿಗಳೂ, ವೃದ್ಧರೂ, ಬಾಗದ ಮೈಯವರೂ ಇದ್ದರು. ಪಾದವನ್ನು ಮುಟ್ಟಲಾರದವನಿಗೆ ಪಾದಕ್ಕೊಂದು ಪಟ್ಟಿಯನ್ನು ಹಾಕಿ ಅದನ್ನು ಹಿಡಿದುಕೊಳ್ಳೆಂದರು. ನಿಲ್ಲಲಾರದವನಿಗೆ ಗೋಡೆಯ ಹಗ್ಗವನ್ನು ಕೊಟ್ಟರು. ಬಕಲನ್ನು ಸರಿಸಿದಂತೆ ಪಟ್ಟಿಯು ಗಿಡ್ಡವಾಗುವುದು, ಉದ್ದವಾಗುವುದು. ಇಂದು ಒಂದು ಮೊಳ ದೂರವಿದ್ದ ಪಾದವು ಮುಂದಿನ ತಿಂಗಳು ಒಂದು ಗೇಣು ದೂರಕ್ಕೆ ಬರುವುದು. 1975ರಲ್ಲಿ ಪುಣೆಯಲ್ಲಿ ತಮ್ಮ ಪತ್ನಿ ರಮಾಮಣಿಯವರ ಹೆಸರಿನಲ್ಲಿ ಅವರು ಸಂಸ್ಥೆಯನ್ನು ತೆರೆದ ಮೇಲೆ ಈ ಸಾಧನಗಳು ದೇಶದೇಶಗಳಿಗೆ ಹಬ್ಬಿದವು. 1979ರಲ್ಲಿ ಸ್ಕೂಟರಿನ ಅಪಘಾತದಿಂದ ತಾವೇ ನೊಂದಾಗ, ಇತರರಿಗಾಗಿ ರೂಪಿಸಿದ ಸಾಧನಗಳು ಅವರಿಗೂ ಒದಗಿಬಂದವು. 2014ರಲ್ಲಿ ಅವರು ತೀರಿಕೊಂಡರು.

ಇನ್ನು ನನ್ನ ವಿದ್ಯಾರ್ಥಿಯ ಕೊಂಬೆಯ ಪಟ್ಟಿ. ಅದರ ಇಂದಿನ ರೂಪದ ಕತೆ ತೀರ ಹೊಸದು. 1997ರಲ್ಲಿ ಅಮೆರಿಕದ ನೌಕಾಪಡೆಯ ಯೋಧನಾದ ರ‍್ಯಾಂಡಿ ಹೆಟ್ರಿಕ್ ಎಂಬಾತನು, ವ್ಯಾಯಾಮಶಾಲೆಯಿಲ್ಲದ ಎಡೆಯಲ್ಲಿ ತೋಳಿನ ಬಲವನ್ನು ಕಾಪಾಡಿಕೊಳ್ಳಬೇಕಾಗಿ, ಜುಜುತ್ಸು ಮಲ್ಲವಿದ್ಯೆಯ ಸೊಂಟದ ಪಟ್ಟಿಯನ್ನೂ ಪ್ಯಾರಾಚೂಟಿನ ನೇಯ್ಗೆಯ ಪಟ್ಟಿಯನ್ನೂ ಸೇರಿಸಿ ಹೊಲಿದನೆಂದು ಹೇಳುತ್ತಾರೆ. ಅದೇ ಟಿ.ಆರ್.ಎಕ್ಸ್. ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಇದರ ತತ್ತ್ವ ಸರಳ. ನೆಟ್ಟಗೆ ನಿಂತವನ ಭಾರವನ್ನೆಲ್ಲ ಪಾದಗಳೇ ಹೊರುತ್ತವೆ. ಪಾದಗಳನ್ನು ಮುಂದಕ್ಕಿಟ್ಟು ದೇಹವನ್ನು ಓರೆಯಾಗಿಸಿದಂತೆಲ್ಲ ಕೈಗಳ ಪಾಲು ಹೆಚ್ಚುತ್ತದೆ. ಪಾದವು ನೆಲವನ್ನು ಬಿಟ್ಟರೆ ಪೂರ್ಣಭಾರವೂ ಕೈಗಳದೇ. ಹೀಗೆ ಒಂದು ಹೆಜ್ಜೆ ಹಿಂದುಮುಂದಾಗುವುದರಿಂದ ಹಗುರದ ಸಾಧನೆ ಕಠಿಣವೂ, ಕಠಿಣವಾದುದು ಹಗುರವೂ ಆಗುತ್ತದೆ. ಹತ್ತು ವರ್ಷದ ಬಾಲಕನಿಗೂ ಜಟ್ಟಿಗೂ ಅದೇ ಪಟ್ಟಿ ಸಾಕು.

ಮಹನೀಯರೆ, ಈ ಯೋಧನು ಶ್ರೀತತ್ತ್ವನಿಧಿಯನ್ನು ಓದಿ ಇದನ್ನು ಮಾಡಿದನೆನ್ನುವುದಕ್ಕೆ ಆಧಾರವಿಲ್ಲ. ಆದುದರಿಂದ ಕಳವಿನ ಮಾತು ನಿಲ್ಲದು. ನಮ್ಮವರಿಗೆ ಏನೂ ತಿಳಿದಿರಲಿಲ್ಲವೆಂಬ ಮಾತಂತೂ ಸುಳ್ಳೇ. ದೇಹವು ಎಲ್ಲೆಲ್ಲಿಯೂ ಒಂದೇ. ಅದರ ಅಗತ್ಯಗಳೂ ಒಂದೇ. ಹಾಗಿರಲು, ಬೇರೆಬೇರೆ ಜನರು ಬೇರೆಬೇರೆ ಕಾಲದಲ್ಲಿ ಒಂದು ಹಗ್ಗದ ಮುಂದೆ ನಿಂತು ಒಂದೇ ಬಗೆಯ ಯೋಚನೆಯನ್ನು ಮಾಡಿದರೆ ಆಶ್ಚರ್ಯವೇನು? ಇದ್ದುದನ್ನು ಇದ್ದಷ್ಟೇ ಹೇಳಿದರೆ ನಮ್ಮ ಹಿರಿಯರ ಮಾನಕ್ಕೆ ಕುಂದಿಲ್ಲ. ಇಲ್ಲದುದನ್ನು ಅವರಿಗೆ ಹೊರಿಸಿದರೆ ಅವರು ನಿಜವಾಗಿ ಮಾಡಿದ ಕೆಲಸವೂ ಸಂಶಯಕ್ಕೆ ಗುರಿಯಾಗುತ್ತದೆ.

ಕಡೆಯಲ್ಲಿ ಒಂದು ಸ್ವಂತದ ಮಾತನ್ನು ಕ್ಷಮಿಸಬೇಕು. ನನ್ನ ತಂದೆಯವರೂ ಸಂಜೆಯ ಹೊತ್ತು ಜಗುಲಿಯ ಮೇಲೆ ಮಂಡಿಗೆ ವಲ್ಲಿಯನ್ನು ಕಟ್ಟಿಕೊಂಡು ಕೂರುತ್ತಿದ್ದರು. ನಾನು ಇಂಗ್ಲಿಷ್ ಎಂ.ಎ. ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಒಂದು ದಿನ ಕಾಲೇಜಿನ ಗೆಳೆಯರು ಮನೆಗೆ ಬರುವವರಿದ್ದರು. ತಂದೆಯವರ ಆ ಭಂಗಿಯು ಅವರ ಕಣ್ಣಿಗೆ ಬೀಳಬಾರದೆಂದು ಹಿಂದಿನ ದಿನವೇ ಬೆತ್ತದ ಕುರ್ಚಿಯೊಂದನ್ನು ತಂದು, "ಅಪ್ಪಾಜಿ, ಇನ್ನು ಮೇಲೆ ಇದರ ಮೇಲೆ ಕೂತುಕೊಳ್ಳಿ" ಎಂದೆ. ಅವರು ಏನೂ ಹೇಳಲಿಲ್ಲ. ವಲ್ಲಿಯನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಕುರ್ಚಿಯ ಅಂಚಿನಲ್ಲಿ ಕುಳಿತರು. ಬದುಕಿರುವವರೆಗೂ ನನ್ನ ಎದುರಿಗೆ ಮತ್ತೆ ಹಾಗೆ ಕಟ್ಟಿಕೊಂಡು ಕೂರಲಿಲ್ಲ. ಕುರ್ಚಿಯಲ್ಲಿ ಅವರ ಬೆನ್ನು ನೆಮ್ಮದಿಯಾಗಿದ್ದುದನ್ನು ನಾನು ಕಾಣಲಿಲ್ಲ. ಆಗ ವಾಚಸ್ಪತಿಮಿಶ್ರನ ಟೀಕೆಯನ್ನು ನಾನು ಓದಿರಲಿಲ್ಲ. ಆದರೆ ತಂದೆಯವರನ್ನು ಒಂದು ಮಾತು ಕೇಳುವುದಕ್ಕೆ ಯಾವ ಟೀಕೆಯೂ ಬೇಕಾಗಿರಲಿಲ್ಲ.

ಪುಣಜನೂರಿನ ವೃದ್ಧರ ಪ್ರಶ್ನೆಗೆ ನನ್ನ ವಿದ್ಯಾರ್ಥಿ ಉತ್ತರ ಹೇಳಲಿಲ್ಲ. ಅವನ ಪರವಾಗಿ ನಾನೇ ಈಗ ಹೇಳಬಹುದು: ಅಜ್ಜಾ, ನಿಮ್ಮ ವಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸುತ್ತದೆ, ಇವನ ಪಟ್ಟಿ ಇವನನ್ನೇ ಇವನ ಕೈಗೆ ಕೊಟ್ಟು ಎತ್ತಿಸುತ್ತದೆ. ಕೆಲಸ ಎರಡು, ಆದರೆ ಕಟ್ಟುವವನು ತನ್ನ ಮೈಯ ಅಳತೆಯನ್ನು ತಾನು ಅರಿತಿರಬೇಕೆಂಬುದು ಎರಡಕ್ಕೂ ಒಂದೇ. ನಿಮ್ಮ ಮನೆಯ ಜಗುಲಿಯ ಮೇಲೆ ಯಾರಾದರೂ ಹಿರಿಯರು ಹೀಗೆ ಕುಳಿತಿದ್ದರೆ, ದಯವಿಟ್ಟು ಕುರ್ಚಿಯನ್ನು ತರುವ ಮುನ್ನ ಅವರ ಪಕ್ಕದಲ್ಲಿ ಒಂದು ಗಳಿಗೆ ಕುಳಿತು ಕೇಳಿ.